ಊರ ಮೇಲಿನ ಹಳ್ಳ, ಊರ ಕೆಳಗಿನ ಹಳ್ಳ

ಕೇಳುಗರಿಗೆ ನಮಸ್ಕಾರ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳ್ಳವನ್ನೋ ನಾಲಾವನ್ನೋ ದಾಟಿಯೇ ಎಷ್ಟೋ ಮಕ್ಕಳು ಶಾಲೆಗೆ ಬರುತ್ತಾರೆ. ಆದರೆ 'ಈ ಹಳ್ಳ ಚೆನ್ನಾಗಿದೆಯಾ?' ಅಂತ ಕೇಳಿ ನೋಡಿ. ನೀರಿನ ಬಣ್ಣ ನೋಡಿ ಉತ್ತರ ಕೊಡುತ್ತಾರೆ. ತಿಳಿ ಇದ್ದರೆ ಚಲೋ, ರಾಡಿ ಇದ್ದರೆ ಕೆಟ್ಟದ್ದು. ನಾವು ಮಾಸ್ತರುಗಳೂ ಹೆಚ್ಚುಕಡಿಮೆ ಹಾಗೇ ಅಲ್ವಾ? ಆದರೆ ಇದು ಎರೆಭೂಮಿ. ಒಂದು ದೊಡ್ಡ ಮಳೆ ಬಿದ್ದರೆ ಯಾವ ಹಳ್ಳವಾದರೂ ರಾಡಿಯಾಗುತ್ತದೆ, ಆಮೇಲೆ ಮಣ್ಣು ತಳ ಸೇರುತ್ತದೆ. ಅದೇ ತೊಗರಿಗೆ ಕಾಯಿಕೊರಕದ ಔಷಧ ಹೊಡೆದು ಪಂಪನ್ನು ಹಳ್ಳದಲ್ಲಿ ತೊಳೆದರೆ, ನೀರು ತಿಳಿಯಾಗೇ ಇರುತ್ತದೆ. ಒಳಗಿನ ಹುಳಗಳು ಸತ್ತಿರುತ್ತವೆ.

ಹಾಗಾಗಿ ನಾನು ಮಕ್ಕಳಿಗೆ ಮೊದಲು ಕಲಿಸುವುದು ಹೋಲಿಸುವುದನ್ನು. ಬೇರೆ ಯಾವುದೋ ಹಳ್ಳದ ಜೊತೆ ಅಲ್ಲ, ಅದೇ ಹಳ್ಳದ ಜೊತೆ. ಊರಿನ ಮೇಲ್ಗಡೆ ಒಂದು ಜಾಗ, ಊರು ದಾಟಿದ ಮೇಲೆ ಇನ್ನೊಂದು ಜಾಗ. ಎರಡನ್ನೂ ಒಂದೇ ದಿನ, ಒಂದೇ ರೀತಿ ನೋಡಬೇಕು. ಮೇಲ್ಗಡೆ ಕಲ್ಲಿನ ಮೇಲೆ ಹರಿಯುವ ನೀರು ಆರಿಸಿಕೊಂಡರೆ ಕೆಳಗಡೆಯೂ ಅಂಥದೇ ಜಾಗ ಹುಡುಕಬೇಕು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕೆಸರು ಆದರೆ ಲೆಕ್ಕ ಸುಳ್ಳಾಗುತ್ತದೆ.

ಹೊರಡುವ ಮೊದಲು ನಿಮ್ಮ ಹಳ್ಳ ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ. ಬಸವಕಲ್ಯಾಣದ ಕಡೆಯದಂತೂ ಮಜಾ ಇದೆ. ಮುಲ್ಲಾಮಾರಿ ಅಲ್ಲಿ ಹುಟ್ಟಿ ಕಾಗಿಣಾ ಸೇರಿ, ಭೀಮಾ ಸೇರಿ, ಕೃಷ್ಣೆಗೆ ಹೋಗುತ್ತದೆ. ಅದೇ ಸೀಮೆಯ ಚುಳಕಿನಾಲಾದ ನೀರು ಕಾರಂಜಾ, ಮಾಂಜ್ರಾ ಹಿಡಿದು ಗೋದಾವರಿಗೆ. ಇದನ್ನು ನೋಡಿದ ಹುಡುಗರು 'ನಮ್ಮದು ಯಾವ ಕಡೆ ಸರ್?' ಅಂತ ಬೆನ್ನು ಹತ್ತುತ್ತಾರೆ.

ಒಳ್ಳೆಯ ಕಾಲ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮಳೆಯ ಅಬ್ಬರ ಇಳಿದಿರುತ್ತದೆ, ಹರಿವು ಇನ್ನೂ ಇರುತ್ತದೆ. ಸಾಮಾನು ಜಾಸ್ತಿ ಬೇಡ. ಬಿಳಿ ಪ್ಲಾಸ್ಟಿಕ್ ತಟ್ಟೆ, ಚಹಾ ಸೋಸುವ ಸಾಣಿಗೆ, ಚಮಚ, ಐಸ್ ಇಡುವ ಟ್ರೇ, ಒಂದು ನೋಟ್‌ಬುಕ್. ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು. ಮೋಡ ಕವಿದ ದಿನ ಹೋಗಲೇಬೇಡಿ, ಮೇಲೆಲ್ಲೋ ಬಿದ್ದ ಮಳೆ ಇಲ್ಲಿಗೆ ಹೇಳದೆ ಬರುತ್ತದೆ. ಕೈಗೆ ಗಾಯ ಇದ್ದವರು ದಡದಲ್ಲಿ ಕೂತು ಬರೆದುಕೊಳ್ಳಲಿ. ವಾಪಸ್ ಬಂದ ಮೇಲೆ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಲಿ.

ಈಗ ಹುಳಗಳ ಮಾತಿಗೆ ಬರೋಣ. ನೀರಿನಲ್ಲಿರುವ ಒಂದು ಕಲ್ಲನ್ನು ಎತ್ತಿ ಹೊರಳಿಸಿ. ಅಡಿಯಲ್ಲಿ ಅಂಟಿಕೊಂಡ ಚಪ್ಪಟೆ ಮರಿಗಳು ಕಾಣಬಹುದು, ಹಿಂದೆ ಸಾಮಾನ್ಯವಾಗಿ ಮೂರು ಎಳೆ ಬಾಲ. ಇವು ಮೇಫ್ಲೈ ಹುಳದ ಮರಿಗಳು. ಬಿಳಿ ತಟ್ಟೆಗೆ ಹಾಕಿ ಹತ್ತಿರದಿಂದ ನೋಡಿದರೆ ಹೊಟ್ಟೆಯ ಎರಡೂ ಪಕ್ಕ ಕಿವಿರುಗಳು ಪಟಪಟ ಬಡಿಯುವುದು ಕಾಣುತ್ತದೆ. ತಟ್ಟೆಯ ನೀರಿನಲ್ಲಿ ಆಮ್ಲಜನಕ ಇಳಿದಂತೆ ಕೆಲವು ಜಾತಿಯವು ಇನ್ನೂ ಜೋರಾಗಿ ಬಡಿಯುತ್ತವೆ. ಹೆಚ್ಚು ಹೊತ್ತು ಇಟ್ಟುಕೊಳ್ಳದೆ ಬಿಟ್ಟುಬಿಡಿ. ಮರಳಿನ ಕಾಳು ಅಂಟಿಸಿ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ ಸಿಕ್ಕರೂ ಒಳ್ಳೆಯ ಸುದ್ದಿ. ಕೆಳಗಿನ ಜಾಗದಲ್ಲಿ ಇವೆರಡೂ ಮಾಯವಾಗಿ, ಕೆಸರಿನಲ್ಲಿ ಬರೀ ಕೆಂಪು ದಾರದಂಥ ಹುಳಗಳು ಇದ್ದರೆ? ಅವು ಕೆಂಪಾಗಿರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಂಥದ್ದೇ ಅವುಗಳಲ್ಲೂ ಇರುವುದರಿಂದ. ಉಸಿರು ಕಟ್ಟುವ ಕೆಸರಿನಲ್ಲೂ ಅವು ಬದುಕಬಲ್ಲವು. ಅಂದರೆ ಕೆಳಗಡೆ ಆಮ್ಲಜನಕ ಕಡಿಮೆಯಾಗಿರಬಹುದು.

ನೀರಿನ ಮೇಲೆ ಓಡುವ ಹುಳ, ಜೀರುಂಡೆ, ಸೊಳ್ಳೆ ಮರಿ ಕಂಡರೆ ಹುಡುಗರು ಕುಣಿಯುತ್ತಾರೆ. ಕುಣಿಯಲಿ, ಆದರೆ ಅವು ಗಾಳಿಯನ್ನು ಮೇಲಿನಿಂದಲೇ ತೆಗೆದುಕೊಳ್ಳುತ್ತವೆ. ನೀರಿನೊಳಗೆ ಉಸಿರು ಎಷ್ಟಿದೆ ಎಂಬುದಕ್ಕೆ ಅವು ಸಾಕ್ಷಿಯಲ್ಲ.

'ನನಗೇ ಈ ಹುಳಗಳ ಹೆಸರು ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಲಿ' ಅನ್ನುವ ಟೀಚರ್‌ಗಳಿಗೆ ಒಂದು ಸುಲಭದ ದಾರಿ ಇದೆ. ಪೆನ್ನು ತೆಗೆದುಕೊಳ್ಳಿ. ತಟ್ಟೆಯಿಂದ ಆರಿಸದೆ, ಕಣ್ಣಿಗೆ ಬಿದ್ದ ಹಾಗೆ ಒಂದೊಂದೇ ಹುಳ ಎತ್ತಿ ಟ್ರೇಯ ಮನೆಗಳಲ್ಲಿ ಸಾಲಾಗಿ ಇಡಿ. ಪ್ರತಿಯೊಂದನ್ನೂ ಅದರ ಹಿಂದಿನದರ ಜೊತೆ ಮಾತ್ರ ಹೋಲಿಸಿ, ಬೇರೆ ಬಗೆಯದಾದರೆ ಲೆಕ್ಕ ಒಂದು ಏರಿಸಿ. ಮೊದಲು ಬಸವನಹುಳು ಬಂತು, ಒಂದು. ಮತ್ತೆ ಅಂಥದೇ ಬಸವನಹುಳು, ಲೆಕ್ಕ ಏರಲಿಲ್ಲ. ಆಮೇಲೆ ಮೂರು ಬಾಲದ್ದು, ಎರಡು. ಮತ್ತೆ ಬಸವನಹುಳು, ಮೂರು. ಹೀಗೆ 40 ಹುಳಕ್ಕೆ 26 ಸಲ ಲೆಕ್ಕ ಏರಿತು ಅನ್ನಿ. 26 ಭಾಗಿಸು 40, ಉತ್ತರ 0.65. ಎಲ್ಲವೂ ಒಂದೇ ಬಗೆಯ ಕೆಂಪು ಹುಳವಾಗಿದ್ದರೆ 1 ಭಾಗಿಸು 40, ಬರೀ 0.025. ಬಗೆಬಗೆಯ ಜೀವ ಇದ್ದಷ್ಟೂ ಅಂಕಿ ಒಂದರ ಹತ್ತಿರ ಹೋಗುತ್ತದೆ. ಇದು ಮಕ್ಕಳಾಟ ಅಂದುಕೊಳ್ಳಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಪರೀಕ್ಷೆಯಲ್ಲೂ ಹೀಗೆ ಜೋಡಿ ಜೋಡಿ ಹೋಲಿಸುವ ಲೆಕ್ಕ ಇದೆ.

ಯಾವ ಹುಳಕ್ಕೆ ಎಷ್ಟು ಅಂಕ ಅಂತ ತೋರಿಸುವ, ಇಂಟರ್‌ನೆಟ್‌ನಲ್ಲಿ ಸಿಗುವ ಚಂದದ ಚಾರ್ಟುಗಳ ಬಗ್ಗೆ ನನಗೆ ಸ್ವಲ್ಪ ತಕರಾರು ಇದೆ. ಬ್ರಿಟನ್ನಿನಲ್ಲಿ 1980ರ ಹೊತ್ತಿಗೆ ಬಂದ ಅಂಕಪಟ್ಟಿಯಲ್ಲಿ ಹೆಚ್ಚಿನ ಸ್ಟೋನ್‌ಫ್ಲೈಗಳಿಗೆ 10 ಅಂಕ. ಅವು ತಣ್ಣನೆಯ ನೀರು ಬೇಡುವ ಹುಳಗಳು. ನಮ್ಮ ಬಿಸಿಲಿನ ಹಳ್ಳದಲ್ಲಿ ಅವು ಕಾಣಲಿಲ್ಲ ಅಂತ ಹಳ್ಳವನ್ನು ಫೇಲ್ ಮಾಡುವುದೇ? ಅಂಕ ಬೇಕಿದ್ದರೆ ಮೇಲಿನ ಜಾಗ ಎಷ್ಟು, ಕೆಳಗಿನ ಜಾಗ ಎಷ್ಟು ಅಂತ ನೋಡಿದರೆ ಸಾಕು.

ನೀರು ಪರೀಕ್ಷಿಸುವ ರಾಸಾಯನಿಕ ಕಿಟ್ ಇದ್ದವರಿಗೂ ಇದೇ ಮಾತು. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಸುಣ್ಣಕಲ್ಲಿನ ನೆಲ, ಅಲ್ಲಿ ನೀರಿನ ಹುಳಿ-ಕ್ಷಾರ ಹೇಳುವ ಪಿಎಚ್ ಅಳತೆ 8 ಬಂದರೆ ಗಾಬರಿ ಬೇಡ. ಕರಗಿದ ಆಮ್ಲಜನಕವೂ ಹಾಗೇ, 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಇನ್ನೊಂದು ಮೋಸ ಇದೆ. ಪಾಚಿ ತುಂಬಿದ ಹಳ್ಳ ಮಧ್ಯಾಹ್ನ ಮೂರಕ್ಕೆ ಭರ್ಜರಿ ಆಮ್ಲಜನಕ ತೋರಿಸುತ್ತದೆ, ಬಿಸಿಲಿನಲ್ಲಿ ಪಾಚಿ ಅದನ್ನು ಬಿಡುತ್ತಿರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ಒಮ್ಮೆಯಾದರೂ ಬೆಳಿಗ್ಗೆ ಬೇಗ ಹೋಗಿ ಅಳೆಯಿರಿ.

ಕೆಲವರು ಕೇಳುತ್ತಾರೆ, 'ನಮ್ಮ ಹಳ್ಳ ಬೇಸಿಗೆಯಲ್ಲಿ ಒಣಗುತ್ತದೆ, ಅದು ಸತ್ತ ಹಾಗೆ ತಾನೇ?' ಅಂತ. ಅಲ್ಲ. ನಮ್ಮ ಸೀಮೆಯ ಎಷ್ಟೋ ಹಳ್ಳಗಳು ಮೊದಲಿನಿಂದಲೂ ಮಳೆಗಾಲದವು. ಎಷ್ಟೋ ಜೀವಗಳು ಮೊಟ್ಟೆಯಾಗಿ ಒಣ ಕೆಸರಿನಲ್ಲಿ ಕಾಯುತ್ತವೆ, ಇನ್ನು ಕೆಲವು ಉಳಿದ ಮಡುಗಳಿಗೆ ಸರಿದುಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ರಜೆ ಬೀಳುವ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ, ಯಾವ ಮಡುವಿನಲ್ಲಿ ನೀರಿದೆ ಅಂತ ತಾರೀಕು ಹಾಕಿ ಬರೆಸಿ. ಎಲ್ಲೂ ಇಲ್ಲದಿದ್ದರೆ 'ನೀರಿಲ್ಲ' ಅಂತಲೇ ಬರೆಯಲಿ, ಅದೂ ಮಾಹಿತಿಯೇ. ಊರಿನ ಮೇಲ್ಗಡೆ ಬರೀ ಕಲ್ಲು, ಕೆಳಗಡೆ ಮಾತ್ರ ನೀರು ಹರಿಯುತ್ತಿದೆ ಅಂತಾದರೆ, ಆ ನೀರು ಎಲ್ಲಿಂದ ಬರುತ್ತಿದೆ ಅಂತ ಮಕ್ಕಳೇ ಹಿಂಬಾಲಿಸಿಕೊಂಡು ಹೋಗಲಿ. ಸಾಮಾನ್ಯವಾಗಿ ದಾರಿ ಊರ ಚರಂಡಿಯ ಬಾಯಿಗೆ ಮುಟ್ಟುತ್ತದೆ. ಮರಳಿ ಬಂದು ಅದನ್ನು ನಕ್ಷೆಯಲ್ಲಿ ಗುರುತು ಹಾಕಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ.

ನಮಸ್ಕಾರ.