ಗಾಳಕ್ಕೆ ‘ಬೇಡದ ಮೀನು’ ಬಿತ್ತಾ? ಬಿಸಾಡುವ ಮುಂಚೆ ಇದನ್ನು ನೋಡಿ

[ದೃಶ್ಯ: ಬಕೆಟ್‌ನಲ್ಲಿ ಕ್ಯಾಟ್‌ಫಿಶ್, ತೊರಕೆ (ಚಪ್ಪಟೆ ಮೈಯ ರೇ ಮೀನು), ಸಣ್ಣ ಟ್ಯೂನಾ]

ನಮಸ್ಕಾರ. ಸಮುದ್ರಕ್ಕೆ ಗಾಳ ಹಾಕಿ ಅರ್ಧ ದಿನ ಕಾಯುತ್ತೀರಿ. ಕೊನೆಗೆ ಸಿಗುವುದು ಇವು. “ಅಯ್ಯೋ, ಇದು ವಾಸನೆ ಮೀನು” ಅಂತ ಎಷ್ಟೋ ಜನ ಬಿಸಾಡುತ್ತಾರೆ. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ವಾಸನೆ ಬಹುಪಾಲು ನಾವೇ ತಂದುಕೊಂಡಿದ್ದು. ಮೀನನ್ನು ಬಿಸಿಲಲ್ಲಿ ಸುಮ್ನೆ ಬಿಟ್ಟಿರುತ್ತೇವೆ.

ಮೊದಲು ಒಂದು ಮಾತು. ಗುರುತು ಸಿಗದ ಮೀನು ತಿನ್ನಬೇಡಿ. ಹೊಟ್ಟೆ ಉಬ್ಬಿಸುವ ಪಫರ್ ಮೀನಿನ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಕೆಲವು ಶಾರ್ಕ್, ತೊರಕೆಗಳನ್ನು ಹಿಡಿಯುವುದಕ್ಕೆ ನಿಷೇಧವಿದೆ. ಅಂಥದ್ದು ಬಿದ್ದರೆ ಜೀವಂತವಾಗಿಯೇ ನೀರಿಗೆ ಬಿಡಿ.

[ಕ್ಲೋಸಪ್: ಕಿವಿರಿನ ಹತ್ತಿರ ಚಾಕು]

ಮೀನಿನ ತಲೆಗೆ ಒಂದು ಗಟ್ಟಿ ಏಟು ಕೊಟ್ಟು, ತಕ್ಷಣ ಕಿವಿರು ಕೊಯ್ಯಿರಿ. ತಲೆ ಕೆಳಗೆ ಮಾಡಿ ಸಮುದ್ರದ ನೀರಿನ ಬಕೆಟ್‌ನಲ್ಲಿಡಿ, ರಕ್ತ ಇಳಿಯಲಿ. ಆಮೇಲೆ ಐಸ್. ಐಸ್‌ಗೆ ಸ್ವಲ್ಪ ಸಮುದ್ರದ ನೀರು ಸೇರಿಸಿ. ಆಗ ತಂಪು ಮೀನಿನ ಸುತ್ತಲೂ ತಾಗಿ ಬೇಗ ಒಳಗಿಳಿಯುತ್ತದೆ.

ತೊರಕೆ, ಶಾರ್ಕ್‌ಗೆ ಈ ಅವಸರ ಇನ್ನೂ ಜಾಸ್ತಿ. ಅವುಗಳ ಮೈಯಲ್ಲಿ ಯೂರಿಯಾ ಇರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ. ಮೂಗಿಗೆ ಹೊಡೆಯುವ ಘಾಟು ಅದೇ. ರಕ್ತ ಇಳಿಸಿ, ಕರುಳು ತೆಗೆದು, ತುಂಡುಗಳನ್ನು ನಿಂಬೆರಸ ಬೆರೆಸಿದ ಉಪ್ಪುನೀರಿನಲ್ಲಿ ಫ್ರಿಜ್‌ನೊಳಗೆ ಒಂದು ಗಂಟೆ ಇಡಿ. ಆಮೇಲೂ ಘಾಟು ಇದ್ದರೆ ಆ ಮೀನು ಬೇಡ.

ಟ್ಯೂನಾಕ್ಕೆ ಬೇರೆ ಕಾಟ. ಬೆಚ್ಚಗೆ ಬಿಟ್ಟರೆ ಹಿಸ್ಟಮಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ. ಮುಖ ಕೆಂಪಾಗಿ, ತಲೆನೋವು, ತುರಿಕೆ ಬರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಹಿಡಿದಾಗಿನಿಂದ ಒಲೆಗೆ ಹೋಗುವವರೆಗೂ ಐಸ್ ಬಿಡಬೇಡಿ.

[ಕ್ಲೋಸಪ್: ಫಿಲೆಟ್]

ಇಲ್ಲಿ ನೋಡಿ. ಮುಳ್ಳಿನಿಂದ ಬಿಡಿಸಿದ ಮಾಂಸದ ಹೋಳಿನ (ಫಿಲೆಟ್) ಮಧ್ಯದಲ್ಲಿ ಉದ್ದಕ್ಕೆ ಕಡುಗೆಂಪು ಪಟ್ಟಿ ಇದೆಯಲ್ಲ? ಕಟು ರುಚಿ ಕೂತಿರುವುದು ಇಲ್ಲಿ. ಎರಡೂ ಕಡೆ ಚಾಕು ಓರೆಯಾಗಿಟ್ಟು ಕೊಯ್ದರೆ ಇಡೀ ಪಟ್ಟಿ ಎದ್ದು ಬರುತ್ತದೆ. ಉಳಿದ ಮಾಂಸ ಎಷ್ಟು ತಿಳಿಯಾಗಿದೆ, ನೋಡಿ.

ಕ್ಯಾಟ್‌ಫಿಶ್‌ನ ಬೆನ್ನಿನಲ್ಲಿ ಒಂದು, ಪಕ್ಕಗಳಲ್ಲಿ ಎರಡು ವಿಷದ ಮುಳ್ಳುಗಳಿವೆ. ಹೆದರಿದಾಗ ನೆಟ್ಟಗೆ ನಿಂತು ಲಾಕ್ ಆಗುತ್ತವೆ. ಇಕ್ಕಳದಿಂದ ಮೊದಲು ಅವನ್ನು ಕತ್ತರಿಸಿ. ಆಮೇಲೆ ಉಪ್ಪು ಹಾಕಿ ಲೋಳೆ ಉಜ್ಜಿ ತೆಗೆಯಿರಿ. ಯಾವ ಮೀನಾದರೂ ಹೊಟ್ಟೆಯೊಳಗೆ ಕಪ್ಪು ಪೊರೆ ಕಂಡರೆ ಬಟ್ಟೆಯಿಂದ ಒರೆಸಿಬಿಡಿ, ಕಹಿ ಅದರಲ್ಲಿರುತ್ತದೆ.

ಅಡುಗೆ ಸುಲಭ. ಎಣ್ಣೆ ಅಂಶ ಜಾಸ್ತಿ ಇರುವ ಮೀನಿಗೆ ಹುಳಿ ಹಚ್ಚಿ ಕೆಂಡದ ಮೇಲೆ ಸುಡಿ. ಟ್ಯೂನಾವನ್ನು ಜಾಸ್ತಿ ಹೊತ್ತು ಬಿಟ್ಟರೆ ಒಣಗಿ ಹಿಂಡಿಯಾಗುತ್ತದೆ, ಕಣ್ಣಿಟ್ಟಿರಿ. ತೊರಕೆಯ ರೆಕ್ಕೆಯ ಚರ್ಮ ಸುಲಿದು, ಸಣ್ಣ ಉರಿಯಲ್ಲಿ ನೀರಲ್ಲಿ ಬೇಯಿಸಿ. ಫೋರ್ಕ್ ತಾಗಿಸಿದರೆ ಸಾಕು, ಮಾಂಸ ಎಳೆ ಎಳೆಯಾಗಿ ಒಳಗಿನ ಮೆತ್ತನೆ ಮೂಳೆಯಿಂದ (ಮೃದ್ವಸ್ಥಿ) ಬಿಟ್ಟು ಬರುತ್ತದೆ. ಬೆಂದಿದೆ ಅಂತ ಗೊತ್ತಾಗುವುದು ಹಾಗೆಯೇ.