ಶೆಟ್ಲೆಂಡ್‌ವರೆಗೆ ಹೋಗಿ ಬೇರೆಯವರ ಹಕ್ಕಿ ನೋಡಬೇಡಿ

ನಮಸ್ಕಾರ. ಸೆಪ್ಟೆಂಬರ್ ಕೊನೆ ಬಂತೆಂದರೆ ಸಾಕು, ಬ್ರಿಟನ್ನಿನ ಹಕ್ಕಿ ಹುಚ್ಚಿನವರು ರಜೆ ಹಾಕಿ, ವಲಸೆ ಹಕ್ಕಿ ನೋಡಲು ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಿಗೆ ಹೊರಡುತ್ತಾರೆ. ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ಶೆಟ್ಲೆಂಡ್‌ನ ಲರ್ವಿಕ್ ಬಂದರು. ಮಳೆ, ಚಳಿ, ಟೋಪಿ ಕಿತ್ತುಕೊಂಡು ಹೋಗುವ ಗಾಳಿ. ಇದೂ ಒಂದು ರಜೆಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಹೌದು, ಇದಕ್ಕಿಂತ ಒಳ್ಳೆ ರಜೆ ನನಗೆ ಗೊತ್ತಿಲ್ಲ. ಆದರೆ ಅಲ್ಲಿ ಜಾಸ್ತಿ ಜನ ಅದನ್ನು ಕಳೆಯುವ ರೀತಿ ಇದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಬರುತ್ತದೆ: ಇಂಥ ಊರು, ಇಂಥ ತೋಟ, ಅಪರೂಪದ ಹಕ್ಕಿ. ಕಾರುಗಳು ಓಡುತ್ತವೆ. ಯಾರದೋ ಹಿತ್ತಲ ಗೋಡೆಗೆ ಒರಗಿ ಸಾಲಾಗಿ ಜನ. ಎಲೆ ಸಂದಿಯಲ್ಲಿ ಬಾಲ ಕಂಡರೆ ಪಟ್ಟಿಯಲ್ಲಿ ಒಂದು ಟಿಕ್. ಅಷ್ಟರಲ್ಲಿ ಇನ್ನೊಂದು ಮೆಸೇಜ್. ಅಷ್ಟು ದೂರ ಹೋಗಿ ದಿನವಿಡೀ ಕಾರಲ್ಲಿ ಕೂರುವುದಕ್ಕೆ ರಜೆ ಯಾಕೆ ಬೇಕು, ಹೇಳಿ?

ದ್ವೀಪದ ಮಜಾನೇ ಬೇರೆ. ಶೆಟ್ಲೆಂಡ್‌ನಲ್ಲಿ ಮರಗಳು ಇಲ್ಲವೆಂದೇ ಹೇಳಬೇಕು. ಪೂರ್ವದ ಗಾಳಿ ಬೀಸಿ, ಜೊತೆಗೆ ತುಂತುರು ಮಳೆ ಹಿಡಿದರೆ, ದಾರಿ ತಪ್ಪಿ, ಸಮುದ್ರ ದಾಟಿ ಸುಸ್ತಾದ ಹಕ್ಕಿಗಳು ಕಂಡ ಮೊದಲ ನೆಲಕ್ಕೆ ಇಳಿಯುತ್ತವೆ. ಅಡಗೋದಕ್ಕೆ ಏನಿದೆ? ಒಂದು ಚರಂಡಿ, ಒಂದಿಷ್ಟು ತುರಿಕೆ ಗಿಡ, ಕೋಸಿನ ಪಾತಿ, ಕಲ್ಲುಗೋಡೆ. ಸೈಬೀರಿಯಾದಲ್ಲಿ ಹುಟ್ಟಿದ ಯೆಲ್ಲೋ-ಬ್ರೌಡ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ ಬರೀ ಆರು ಗ್ರಾಂ ತೂಗುತ್ತದೆ. ಅದು ಅಲ್ಲಿ ಬೇಲಿ ತಂತಿಯ ಮೇಲೂ ಕೂರುತ್ತದೆ! ಕಾಡಿನಲ್ಲಾದರೆ ಇಂಥ ಹಕ್ಕಿ ನಿಮ್ಮ ತಲೆ ಮೇಲೇ ಇದ್ದರೂ ಕಾಣುವುದಿಲ್ಲ. ಇಲ್ಲಿ ತಾಳ್ಮೆಯಿದ್ದರೆ ನನ್ನಂಥ ಸಾಮಾನ್ಯರಿಗೂ ಸಿಗುತ್ತದೆ.

ಇನ್ನು ಕನ್ನಡದವರಿಗೆ ಒಂದು ಅನುಕೂಲವಿದೆ, ಯಾರೂ ಹೇಳುವುದಿಲ್ಲ. ಬ್ಲೈತ್ಸ್ ರೀಡ್ ವಾರ್ಬ್ಲರ್ ಅಂತ ಒಂದು ಮಾಸಲು ಕಂದು ಹಕ್ಕಿ. ಫಿನ್ಲೆಂಡ್‌ನಿಂದ ಸೈಬೀರಿಯಾದವರೆಗೆ ಮರಿ ಮಾಡಿ, ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ. ಬೆಂಗಳೂರಿನ ಪಾರ್ಕುಗಳ ಪೊದೆಯಲ್ಲಿ ಚಳಿಗಾಲ ಪೂರ್ತಿ 'ಚಕ್, ಚಕ್' ಅನ್ನುತ್ತದಲ್ಲ, ಅದೇ. ನಾವು ಅತ್ತ ತಿರುಗಿಯೂ ನೋಡುವುದಿಲ್ಲ. ಶೆಟ್ಲೆಂಡ್‌ನಲ್ಲಿ ಅದಕ್ಕೆ ಜನ ಸೇರುತ್ತಾರೆ. ಚರಂಡಿ ಪಕ್ಕ ಸುಮ್ನೆ ನಿಲ್ಲಿ. ಒಂದು ಕಡ್ಡಿ ಅಲುಗುತ್ತದೆ. ಹಕ್ಕಿ ಮೇಲೆ ಬಂದು, ಕೊಕ್ಕೂ ಬಾಲವೂ ಮೇಲೆತ್ತಿ, ಬಾಳೆಹಣ್ಣಿನ ಹಾಗೆ ಬಾಗಿ ಕೂರುತ್ತದೆ. ರೆಕ್ಕೆ ಗಿಡ್ಡ. ಹುಬ್ಬಿನ ಬಿಳಿ ಗೆರೆ ಕಣ್ಣಿನ ಮುಂದೆ ಚೆನ್ನಾಗಿ ಕಾಣುತ್ತದೆ, ಹಿಂದೆ ಮಾಸಿರುತ್ತದೆ. ಆಮೇಲೆ ಆ 'ಚಕ್'. ಪಕ್ಕದವರು ಇನ್ನೂ ಪುಸ್ತಕ ತಿರುವಿ ಹಾಕುತ್ತಿರುವಾಗ ನಿಮಗೆ ಗೊತ್ತಾಗಿರುತ್ತದೆ. ಲಾಲ್‌ಬಾಗ್‌ನಲ್ಲಿ ಕಿವಿಗೆ ಬಿದ್ದ ಸದ್ದು ಅಲ್ವಾ?

'ಪಾಪ, ದಾರಿ ತಪ್ಪಿದ ಹಕ್ಕಿ, ಸಾಯುತ್ತದೆ, ಅದನ್ನು ನೋಡಿ ಏನು ಖುಷಿ' ಅನ್ನುವವರಿದ್ದಾರೆ. ಎಷ್ಟೋ ಹಕ್ಕಿಗಳು ಸಾಯುವುದು ನಿಜ. ಎಲ್ಲವೂ ಅಲ್ಲ. ದಕ್ಷಿಣ ಏಷ್ಯಾಕ್ಕೆ ಹೋಗಬೇಕಾದ ಸೈಬೀರಿಯಾದ ರಿಚರ್ಡ್ಸ್ ಪಿಪಿಟ್ ಅನ್ನೋ ಹಕ್ಕಿಗಳು ದಕ್ಷಿಣ ಫ್ರಾನ್ಸ್‌ನಲ್ಲಿ ಚಳಿಗಾಲ ಕಳೆದು, ವಾಪಸ್ ಹೋಗಿ, ಮತ್ತೆ ಅಲ್ಲಿಗೇ ಬರುತ್ತಿವೆ ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ನಾವು ದಾರಿ ತಪ್ಪಿದೆ ಅಂದುಕೊಂಡಿದ್ದರಲ್ಲಿ ಕೆಲವು ಹೊಸ ದಾರಿ ಹಿಡಿದಿವೆ. ಇದು ತಿಳಿಯುವುದಕ್ಕೆ ಯಾರೋ ಪ್ರತಿ ವರ್ಷ ಅದೇ ಹೊಲ ಸುತ್ತಿ ಲೆಕ್ಕ ಇಡಬೇಕು. ಶೆಟ್ಲೆಂಡ್‌ನದೇ ಪುಟ್ಟ ದ್ವೀಪ ಫೇರ್ ಐಲ್‌ನಲ್ಲಿ ಜಾರ್ಜ್ ವಾಟರ್‌ಸ್ಟನ್ ಎಂಬ ಸ್ಕಾಟ್ಲೆಂಡ್‌ನ ಪಕ್ಷಿಪ್ರೇಮಿ 1948ರಲ್ಲಿ ಹಕ್ಕಿ ವೀಕ್ಷಣಾ ಕೇಂದ್ರ ಶುರುಮಾಡಿದ್ದೂ ಇಂಥ ಕೆಲಸಕ್ಕೇ. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿ ಶಿಬಿರದಲ್ಲಿದ್ದಾಗಲೇ ಅದರ ಯೋಜನೆ ಹಾಕಿದ್ದ ಪುಣ್ಯಾತ್ಮ! ಆ ಕೇಂದ್ರ 2019ರಲ್ಲಿ ಸುಟ್ಟುಹೋಯಿತು, ಈಗ ಹೊಸ ಕಟ್ಟಡ ಎದ್ದಿದೆ.

ಹಾಗಾಗಿ ಹೋಗುವವರು ಫೋನ್ ಜೇಬಲ್ಲಿಡಿ. ಒಂದು ಊರು ಆರಿಸಿಕೊಂಡು ದಿನಾ ಅದೇ ಚರಂಡಿ, ಅದೇ ಗೋಡೆ ನೋಡಿ. ಹಿತ್ತಲಿಗೆ ಕಾಲಿಡುವ ಮುಂಚೆ ಮನೆಯವರನ್ನು ಕೇಳಿ. ಹಕ್ಕಿ ಸಿಕ್ಕರೆ ಗ್ರೂಪ್‌ಗೆ ತಿಳಿಸಿ, ಓಡಿ ಬರುವವರು ಬರಲಿ. ವಾರವಿಡೀ ಪಶ್ಚಿಮದ ಗಾಳಿಯೇ ಬೀಸಿದರೆ? ಸೈಬೀರಿಯಾದ ಹಕ್ಕಿಗಳ ಆಸೆ ಬಿಟ್ಟು ಸಮುದ್ರದ ದಂಡೆಗೆ ಹೋಗಿ. ಅಲ್ಲಿ ನೀರುನಾಯಿಗಳು ಹಾಡುಹಗಲೇ ಮೀನು ಹಿಡಿಯುತ್ತಿರುತ್ತವೆ.