ಎರಡನೇ ವರ್ಷದ ಖರ್ಚು

ಕೇಳುಗರೇ, ನಮಸ್ಕಾರ.

ಹೊಸ ಹಣಕಾಸು ವರ್ಷಕ್ಕೆ ಬಜೆಟ್ ಹಾಕಲು ಕೂತಿರುವ ಕಾರ್ಖಾನೆ ಮಾಲೀಕರು, ಅಡಿಕೆ ಮಂಡಿ ನಡೆಸುವವರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಇವರಿಗಾಗಿ ಇವತ್ತಿನ ಮಾತು. ಕೃತಕ ಬುದ್ಧಿಮತ್ತೆಯ, ಅಂದರೆ ಎಐ ಯೋಜನೆಗೆ ಎಷ್ಟು ದುಡ್ಡು ತೆಗೆದಿಡಬೇಕು ಅನ್ನುವುದು ವಿಷಯ.

2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ವ್ಯಾಖ್ಯೆಯಂತೆ, ಯಂತ್ರೋಪಕರಣದ ಹೂಡಿಕೆ 125 ಕೋಟಿ ರೂಪಾಯಿ, ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ, ಇಷ್ಟರೊಳಗೆ ಇರುವುದು ಮಧ್ಯಮ ಉದ್ಯಮ. ಕೇಳಲು ದೊಡ್ಡ ಮೊತ್ತ. ಆದರೆ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಎಐ ನೋಡಿಕೊಳ್ಳಲು ಬೇರೆ ವಿಭಾಗ ಅಂತ ಇರುವುದಿಲ್ಲ. ಉತ್ಪಾದನೆ ನೋಡುವ ಮ್ಯಾನೇಜರೇ ಇದನ್ನೂ ನೋಡಬೇಕು. ಯೋಜನೆ ಕೈಕೊಟ್ಟರೆ ಹೋಗುವ ಹದಿನೈದು ಇಪ್ಪತ್ತು ಲಕ್ಷ, ಹೊಸ ಯಂತ್ರಕ್ಕೋ ಕೆಲಸಗಾರರ ಬೋನಸ್ಸಿಗೋ ಇಟ್ಟಿದ್ದ ದುಡ್ಡೇ ಆಗಿರುತ್ತದೆ. ಅದಕ್ಕೇ ಈ ಲೆಕ್ಕ ಸರಿಯಾಗಿ ಆಗಬೇಕು ಅನ್ನುವ ಕಾಳಜಿ ನನಗೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಒಂದು ಫೌಂಡ್ರಿಯಿಂದ ತಿಂಗಳಿಗೆ 50,000 ಎರಕದ ಭಾಗಗಳು ಹೊರಗೆ ಹೋಗುತ್ತವೆ. ಬ್ಲೋಹೋಲ್ ಅಂದರೆ ಒಳಗೆ ಗಾಳಿ ಸಿಕ್ಕಿ ಆದ ತೂತು, ಇಲ್ಲಾ ಬಿರುಕು ಅಂತ ನೂರಕ್ಕೊಂದು ಗ್ರಾಹಕರಿಂದ ವಾಪಸ್ ಬರುತ್ತದೆ. ಅಂದರೆ 500. ಸಾಗಣೆ, ಗ್ರಾಹಕರು ಹಿಡಿದುಕೊಳ್ಳುವ ದಂಡ, ಬದಲಿ ಮಾಲು ಕಳಿಸುವ ಖರ್ಚು ಸೇರಿ ಒಂದಕ್ಕೆ 400 ರೂಪಾಯಿ ಅಂದರೆ ತಿಂಗಳಿಗೆ 2 ಲಕ್ಷ ನಷ್ಟ. ಕ್ಯಾಮೆರಾ ಇಟ್ಟು ಎಐ ತಪಾಸಣೆ ಮಾಡಿ, ಅದರಲ್ಲಿ ಅರ್ಧ ಕಾರ್ಖಾನೆಯೊಳಗೇ ಸಿಕ್ಕಿತು ಅಂತ ಹಿಡಿಯಿರಿ. ವರ್ಷಕ್ಕೆ 12 ಲಕ್ಷ ಉಳಿತಾಯ. ಕೊಟೇಶನ್ 15 ಲಕ್ಷ. ಮಾರಲು ಬಂದವರು ಹೇಳುತ್ತಾರೆ, ಹದಿನೈದೇ ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಅಂತ.

ಈಗ ಕೊಟೇಶನ್ನಿನಲ್ಲಿ ಇಲ್ಲದ್ದನ್ನು ಸೇರಿಸಿ. ಸಾಫ್ಟ್‌ವೇರ್ ಬಾಡಿಗೆ, ನಿರ್ವಹಣೆ, ಇದನ್ನು ನೋಡಿಕೊಳ್ಳುವವರ ಅರ್ಧ ಸಂಬಳ, ಎಲ್ಲಾ ಸೇರಿ ತಿಂಗಳಿಗೆ 40,000 ಆದರೆ ವರ್ಷಕ್ಕೆ 4.8 ಲಕ್ಷ. ನಿಜವಾಗಿ ಉಳಿಯುವುದು 7.2 ಲಕ್ಷ. ಹದಿನೈದು ತಿಂಗಳು ಇಪ್ಪತ್ತೈದಾಯಿತು. ಆಗಲೂ ಯೋಜನೆ ಒಳ್ಳೆಯದೇ ಇರಬಹುದು. ಆದರೆ ಇಪ್ಪತ್ತೈದು ತಿಂಗಳು ಕಾಯುವ ಶಕ್ತಿ ನಿಮಗಿದೆಯೇ ಅನ್ನುವುದು ಸಹಿ ಹಾಕುವ ಮೊದಲೇ ಗೊತ್ತಿರಬೇಕು.

ನಮ್ಮ ತೋಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಒಂದು ವರ್ಷ ಬೋರ್ಡೋ ದ್ರಾವಣ ಹೊಡೆದು ಕೈತೊಳೆದುಕೊಳ್ಳುವವರು ಮಲೆನಾಡಿನಲ್ಲಿ ಯಾರಿದ್ದಾರೆ? ಎಐ ಕೂಡ ಹಾಗೆಯೇ. ಫೌಂಡ್ರಿಯಲ್ಲಿ ಅಚ್ಚಿನ ಮರಳು ಬದಲಾದರೆ, ಹೊಸ ಗ್ರಾಹಕರ ಹೊಸ ಭಾಗ ಬಂದರೆ, ಲೆನ್ಸಿನ ಮೇಲೆ ಧೂಳು ಕೂತರೆ, ಮೊನ್ನೆಯವರೆಗೆ ಸರಿಯಾಗಿ ಹೇಳುತ್ತಿದ್ದ ವ್ಯವಸ್ಥೆ ತಪ್ಪಲು ಶುರುಮಾಡುತ್ತದೆ. ಹೊಸ ಚಿತ್ರಗಳನ್ನು ತೆಗೆದು ಮತ್ತೆ ಕಲಿಸಬೇಕು. ನನ್ನ ಮಟ್ಟಿಗೆ ಬಜೆಟ್ ಹಾಳೆಯಲ್ಲಿ ಮೊದಲು ತುಂಬಬೇಕಾದ್ದು ಎರಡನೇ ವರ್ಷದ ಅಂಕಣ.

ಕಲಿಸುವವರು ಯಾರು? ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವುದು ಬಿರುಕು, ಯಾವುದು ಬರೀ ಗೀರು ಅಂತ ಹೇಳಬಲ್ಲವರು ಇಪ್ಪತ್ತು ವರ್ಷದಿಂದ ತಪಾಸಣೆ ಮೇಜಿನಲ್ಲಿ ಕೂತವರು. ಮಂಡಿಯಲ್ಲಾದರೆ ಕೈಗೆತ್ತಿಕೊಂಡ ಕೂಡಲೇ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ದರ್ಜೆ ಬೇರೆ ಮಾಡುವವರು. ಸಾವಿರಾರು ಚಿತ್ರಗಳಿಗೆ ಅವರು ಕೂತು ಗುರುತು ಹಾಕಬೇಕು. ಆ ಗಂಟೆಗಳಿಗೆ ಓವರ್‌ಟೈಮ್ ಕೊಡಿ, ಅದನ್ನು ಯೋಜನೆಯ ಖರ್ಚು ಅಂತಲೇ ಬರೆಯಿರಿ. ಅವರ ಜ್ಞಾನವನ್ನು ಬಿಟ್ಟಿಯಾಗಿ ತೆಗೆದುಕೊಂಡು, ನಾಳೆ ಅವರನ್ನೇ ಮನೆಗೆ ಕಳಿಸುವ ಲೆಕ್ಕ ಹಾಕುವುದು ಅನ್ಯಾಯ. ವ್ಯವಹಾರದ ದೃಷ್ಟಿಯಿಂದಲೂ ಅದು ನಷ್ಟ, ಮುಂದಿನ ಸಲ ಕಲಿಸಲು ಯಾರೂ ಉಳಿದಿರುವುದಿಲ್ಲ.

ಬೆಳಕಿನ ಖರ್ಚೂ ಇದೆ. ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲು ಕವಿಯುವ ಊರು ನಮ್ಮದು. ಬಣ್ಣ ನೋಡಿ ಅಡಿಕೆ ವಿಂಗಡಿಸಬೇಕಾದ ಕ್ಯಾಮೆರಾಕ್ಕೆ ವರ್ಷವಿಡೀ ಒಂದೇ ಬೆಳಕು ಬೇಕು, ಅದಕ್ಕೆ ಮುಚ್ಚಿದ ಪೆಟ್ಟಿಗೆ, ದೀಪ, ಯುಪಿಎಸ್ ಎಲ್ಲಾ ಬೇಕು. ಗಾಳಿಮಳೆಗೆ ಇಂಟರ್‌ನೆಟ್ ಹೋದಾಗಲೂ ಕೆಲಸ ನಿಲ್ಲಬಾರದು ಅಂದರೆ ಗಣಕಯಂತ್ರ ನಿಮ್ಮ ಕಟ್ಟಡದಲ್ಲೇ ಇರಬೇಕು.

ರೈತರು ಫೋನಿನಲ್ಲಿ ಧಾರಣೆ ಕೇಳಿದರೆ ಉತ್ತರಿಸುವ ಎಐ ತರುವವರಿಗೆ ಬೇರೆ ಒಂದು ಎಚ್ಚರಿಕೆ. ಇಂಥ ಸೇವೆಗಳಲ್ಲಿ ಹಲವು ಬಳಸಿದಷ್ಟಕ್ಕೆ ಬಿಲ್ ಮಾಡುತ್ತವೆ, ಅಕ್ಷರಗಳನ್ನು ಟೋಕನ್ ಅನ್ನುವ ತುಣುಕುಗಳಾಗಿ ಎಣಿಸುತ್ತವೆ. ಬಹಳಷ್ಟು ಮಾದರಿಗಳಲ್ಲಿ ಅದೇ ಮಾತು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ಟೋಕನ್ ನುಂಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಕೊಟ್ಟ ದರವನ್ನು ನಂಬಬೇಡಿ. ನಿಮ್ಮ ರೈತರು ಕಳಿಸಿದ ನಿಜವಾದ ಸಂದೇಶಗಳನ್ನೇ ಕೊಟ್ಟು, ಒಂದು ತಿಂಗಳ ಬಿಲ್ ತರಿಸಿ ನೋಡಿ. ಸಂದೇಶಗಳಲ್ಲಿ ಬ್ಯಾಂಕ್ ಖಾತೆಯೋ ಆಧಾರ್ ಸಂಖ್ಯೆಯೋ ಇದ್ದರೆ ಮೊದಲು ಅಳಿಸಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ವಕೀಲರ ಶುಲ್ಕವನ್ನೂ ಬಜೆಟ್ಟಿನಲ್ಲಿ ಸೇರಿಸಿ.

ಸರ್ಕಾರದ ನೆರವು ಇದೆಯಲ್ಲ ಅಂತ ಕೇಳುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ ಐದು ವರ್ಷಕ್ಕೆ ಸುಮಾರು 10,372 ಕೋಟಿ ರೂಪಾಯಿ ಒಪ್ಪಿದ್ದು ನಿಜ. ಅರ್ಜಿ ಹಾಕಿ. ಆದರೆ ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಆದಾಯದ ಕಡೆ ಒಂದು ರೂಪಾಯಿಯನ್ನೂ ತೋರಿಸಬೇಡಿ.

ಇನ್ನು ದುಡ್ಡು ಕೊಡುವ ಬಗೆ. ಪೂರ್ತಿ ಮೊತ್ತಕ್ಕೆ ಒಂದೇ ಆರ್ಡರ್ ಬೇಡ. ಮೊದಲು ಒಂದೇ ಭಾಗಕ್ಕೆ, ಒಂದೇ ಮೇಜಿಗೆ, ಮೂರು ತಿಂಗಳ ಪ್ರಯೋಗ. ಎಷ್ಟು ದೋಷ ಹಿಡಿಯಬೇಕು, ಸರಿಯಿರುವ ಮಾಲನ್ನು ತಪ್ಪಾಗಿ ತಿರಸ್ಕರಿಸುವುದು ಎಷ್ಟರೊಳಗೆ ಇರಬೇಕು, ಎರಡನ್ನೂ ಬರೆದುಕೊಳ್ಳಿ. ಆ ಗುರಿ ಮುಟ್ಟಿದ ಮೇಲೆ ಎರಡನೇ ಕಂತು. ಮುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸುವ ಹಕ್ಕು ಕರಾರಿನಲ್ಲಿ ಇರಲಿ. ನಿಮ್ಮವರು ಗುರುತು ಹಾಕಿದ ಚಿತ್ರಗಳೆಲ್ಲ ನಿಮ್ಮ ಆಸ್ತಿ, ಕಂಪನಿ ಬದಲಾಯಿಸಿದರೆ ಅವು ನಿಮ್ಮ ಜೊತೆ ಬರುತ್ತವೆ ಅನ್ನುವ ಸಾಲನ್ನೂ ಮೊದಲ ಆರ್ಡರಿನಲ್ಲೇ ಬರೆಸಿಕೊಳ್ಳಿ. ನಮಸ್ಕಾರ.